ಬೀಸುಕಲ್ಲಿನಿಂದ ಸಂಘದ ಮನೆಯವರೆಗೆ: ಹೆಣ್ಣಿನ ಬಾಳಕಥನ ಮತ್ತು ಸಂಘಟನೆ

1

ಕನ್ನಡದ ಸ್ತ್ರೀವಾದಿ ವಿಮರ್ಶೆ ಕಳೆದ ನಾಲ್ಕು ದಶಕಗಳಲ್ಲಿ ಹೆಚ್ಚು ನೆಚ್ಚಿಕೊಂಡು ಬಂದ ಪದ ‘ಅನುಭವ’. ಪುರುಷಪ್ರಧಾನ ವ್ಯವಸ್ಥೆ ಹೆಣ್ಣಿನ ಬದುಕನ್ನು ತನ್ನ ಭಾಷೆಯಲ್ಲಿ ವಿವರಿಸಿಕೊಂಡು ಬಂದಿದೆ. ಆದ್ದರಿಂದ ಹೆಣ್ಣು ತನ್ನ ಅನುಭವವನ್ನು ತಾನೇ ಹೇಳಿಕೊಳ್ಳುವುದು ಬಿಡುಗಡೆಯ ಮೊದಲ ಹೆಜ್ಜೆ ಎಂಬ ತಿಳಿವಳಿಕೆ ಇದರ ಹಿಂದಿದೆ. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಸಣ್ಣ ಸಣ್ಣ ಮಹಿಳಾ ಗುಂಪುಗಳು ಮನೆಯ ಪಡಸಾಲೆಯಲ್ಲಿ ಕುಳಿತು ಒಬ್ಬರಾದ ಮೇಲೊಬ್ಬರು ತಮ್ಮ ಬದುಕನ್ನು ಹೇಳಿಕೊಳ್ಳುವ ಕ್ರಮವನ್ನು ಆರಂಭಿಸಿದವು. ಮನೆಗೆಲಸ, ಹೆರಿಗೆ, ಗಂಡನ ಸಿಟ್ಟು ಮೊದಲಾದ ಸ್ವಂತದ ಸಂಗತಿಗಳೆಂದು ತಿಳಿದಿದ್ದವು ಎಲ್ಲರಿಗೂ ಸಮಾನವೆಂದು ಆ ಮಾತುಕತೆಯಲ್ಲಿ ಕಂಡವು. ವೈಯಕ್ತಿಕವಾದುದೇ ರಾಜಕೀಯ ಎಂಬ ಘೋಷವಾಕ್ಯ ಕರೋಲ್ ಹ್ಯಾನಿಶ್ 1969ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಾಗಿ ಲೋಕಪ್ರಸಿದ್ಧವಾಯಿತು. ಕರ್ನಾಟಕದಲ್ಲಿ 1970ರ ದಶಕದ ಕೊನೆಗೆ ವಿಜಯಾ ದಬ್ಬೆ ಮತ್ತು ಅವರ ಸಂಗಾತಿಗಳ ಮೈಸೂರಿನ ಸಮತಾ ವೇದಿಕೆ, ಬೆಂಗಳೂರಿನ ವಿಮೋಚನಾ, 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ಲೇಖಕಿಯರ ಸಂಘ ಇವೆಲ್ಲ ಬೇರೆ ಬೇರೆ ರೀತಿಯಲ್ಲಿ ಇಂತಹುದೇ ಅರಿವಿನಿಂದ ಹೊರಟವು.

ಆದರೆ ಹೇಳಿಕೊಳ್ಳುವುದು ಮತ್ತು ಒಂದಾಗುವುದು ಒಂದೇ ಕ್ರಿಯೆಯಲ್ಲ. ಹೆಣ್ಣುಮಕ್ಕಳು ತಮ್ಮ ಸಂಕಟವನ್ನು ಹೇಳಿಕೊಳ್ಳಲು ಸ್ತ್ರೀವಾದ ಬರುವವರೆಗೆ ಕಾದಿರಲಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಅವರು ಶತಮಾನಗಳಿಂದ ಹೇಳಿಕೊಂಡೇ ಬಂದಿದ್ದಾರೆ. ಹಾಗಿದ್ದರೂ ಆ ಮಾತು ಬಹುಕಾಲ ಚಳವಳಿಯಾಗಲಿಲ್ಲ ಏಕೆ? ಯಾವ ಸನ್ನಿವೇಶದಲ್ಲಿ ಒಬ್ಬಳ ಕಥೆ ಹಲವರ ಕಾರ್ಯವಾಗಿ ಮಾರ್ಪಡುತ್ತದೆ? ಪ್ರಸ್ತುತ ಲೇಖನ ಈ ಪ್ರಶ್ನೆಯನ್ನು ಭೀಮಾತೀರದ ಕಲಬುರಗಿ ಸೀಮೆಯನ್ನು, ವಿಶೇಷವಾಗಿ ಅಫಜಲಪುರ ತಾಲ್ಲೂಕಿನ ಚೌಡಾಪುರದ ಸುತ್ತಿನ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ. ಈ ಸೀಮೆಯಲ್ಲಿ ಹೆಣ್ಣಿನ ಮಾತಿಗೆ ಒದಗಿದ ಮೂರು ನೆಲೆಗಳನ್ನು ಗುರುತಿಸಬಹುದು: ಬೀಸುಕಲ್ಲು, ಗುಡಿಯ ಅಂಗಳ ಮತ್ತು ಸಂಘದ ಮನೆ. ಮೂರರಲ್ಲೂ ಆಡುವ ನೋವು ಹೆಚ್ಚುಕಡಿಮೆ ಒಂದೇ. ಆ ಮಾತು ಯಾರ ಹೆಸರಿನಲ್ಲಿ ಆಡಲ್ಪಡುತ್ತದೆ, ಅದಕ್ಕೆ ಯಾರು ಉತ್ತರಿಸುತ್ತಾರೆ, ಆಡಿದ ಮೇಲೆ ಏನಾಗುತ್ತದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸವಿದೆ.

2

ಮೊದಲನೆಯ ನೆಲೆ ಬೀಸುಕಲ್ಲು. ಜೋಳದ ರೊಟ್ಟಿಯನ್ನೇ ನಂಬಿದ ಈ ನಾಡಿನಲ್ಲಿ ಗಿರಣಿ ಬರುವವರೆಗೆ ಹಿಟ್ಟು ಬೀಸುವುದು ಹೆಣ್ಣಿನ ನಿತ್ಯದ ದುಡಿಮೆಯಾಗಿತ್ತು. ನಸುಕಿನಲ್ಲಿ ಗಂಡಸರು ಏಳುವ ಮೊದಲೇ ಅತ್ತೆ ಸೊಸೆಯರು, ನೆಗೆಣ್ಣಿಯರು, ನೆರೆಮನೆಯ ಗೆಳತಿಯರು ಕಲ್ಲಿನ ಎದುರುಬದುರು ಕುಳಿತು ಒಂದೇ ಗೂಟಕ್ಕೆ ಕೈ ಹಚ್ಚುತ್ತಿದ್ದರು. ಕಲ್ಲಿನ ಸಪ್ಪಳದ ಮರೆಯಲ್ಲಿ ತವರಿನ ಹಂಬಲ, ಅಣ್ಣನ ಬರವು, ಅತ್ತೆಯ ಕಾಟ, ಮಕ್ಕಳಿಲ್ಲದ ಕೊರಗು, ಸವತಿಯ ಸಂಕಟ ಎಲ್ಲವೂ ತ್ರಿಪದಿಯಾಗಿ ಹರಿಯುತ್ತಿದ್ದವು. ಹಗಲಿನಲ್ಲಿ ಆಡಲಾಗದ ಮಾತನ್ನು ಹಾಡಿನ ನೆವದಲ್ಲಿ ಆಡಬಹುದಾಗಿತ್ತು. ಅತ್ತೆಯ ಎದುರಿನಲ್ಲೇ ಅತ್ತೆಯನ್ನು ದೂರುವ ಪದವನ್ನು ಸೊಸೆ ಹಾಡಬಹುದಿತ್ತು. ಅತ್ತೆಯೂ ಒಂದು ಕಾಲದಲ್ಲಿ ಸೊಸೆಯಾಗಿದ್ದವಳೇ ಆದ್ದರಿಂದ ಅದೇ ಪದಕ್ಕೆ ದನಿಗೂಡಿಸಬಹುದಿತ್ತು. ಈ ಅರ್ಥದಲ್ಲಿ ಬೀಸುವ ಪದ ಕನ್ನಡದ ಹೆಣ್ಣುಮಕ್ಕಳ ಮೊದಲ ಸಾಮೂಹಿಕ ಬಾಳಕಥನ.

ಈ ಹಾಡುಗಳ ಮಹತ್ವವನ್ನು ಮೊದಲು ಮನಗಂಡವರಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಪ್ರಮುಖರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರ ಬಳಗದಿಂದ 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ಹೆಣ್ಣುಮಕ್ಕಳ ಹಾಡನ್ನು ಸಾಹಿತ್ಯವೆಂದು ಪರಿಗಣಿಸಿದ ಈ ಸಂಕಲನದ ಚಾರಿತ್ರಿಕ ಮಹತ್ವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಂದಿನ ಓದಿಗೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದು ಶೀರ್ಷಿಕೆ. ‘ಗರತಿ’ ಎಂಬುದು ಕುಲೀನ ಗೃಹಿಣಿಗೆ ಸಮಾಜ ಕೊಟ್ಟ ಪ್ರಮಾಣಪತ್ರ. ಹಾಡಿದವಳನ್ನು ಗರತಿ ಎಂದು ಹೆಸರಿಸಿದೊಡನೆ ಅವಳ ದೂರು ಸಹನೆಯ ಸೊಬಗಾಗಿ ಕಾಣತೊಡಗುತ್ತದೆ. ಗರತಿಯಲ್ಲದವಳು, ಎಂದರೆ ಜೋಗತಿ, ದೇವದಾಸಿ, ಗಂಡನನ್ನು ಬಿಟ್ಟವಳು, ಈ ಚೌಕಟ್ಟಿನ ಹೊರಗೆ ಉಳಿಯುತ್ತಾಳೆ. ಎರಡನೆಯದು ಹೆಸರಿನ ಪ್ರಶ್ನೆ. ಸಂಗ್ರಾಹಕರ ಹೆಸರು ಸಾಹಿತ್ಯಚರಿತ್ರೆಯಲ್ಲಿ ನೆಲೆನಿಂತಿತು; ಹಾಡಿದವರು ‘ಜನಪದ’ ಎಂಬ ಒಂದೇ ಪದದೊಳಗೆ ಕರಗಿದರು.

ಇದರ ಹೊಣೆಯನ್ನು ಸಂಗ್ರಾಹಕರ ಮೇಲಷ್ಟೇ ಹೊರಿಸುವುದು ಸರಿಯಾಗದು. ಹೆಸರಿಲ್ಲದಿರುವುದು ಬೀಸುವ ಪದದ ಗುಣವೂ ಹೌದು, ಅದರ ರಕ್ಷಣೆಯೂ ಹೌದು. ಪದ ಯಾರದೂ ಅಲ್ಲದ್ದರಿಂದಲೇ ಎಲ್ಲರೂ ಅದನ್ನು ಹಾಡಬಹುದು. ‘ಇದು ನನ್ನ ಮಾತಲ್ಲ, ಹಳೆಯ ಪದ’ ಎಂದು ಜಾರಿಕೊಳ್ಳಬಹುದು. ಆದರೆ ಇದೇ ಅದರ ಮಿತಿ. ಹಾಡು ಮುಗಿದು ಬೆಳಗಾದಾಗ ಅತ್ತೆ ಅತ್ತೆಯೇ, ಸೊಸೆ ಸೊಸೆಯೇ. ನೋವಿಗೆ ಸಮಾಧಾನ ದೊರೆಯಿತು. ನೋವಿನ ಕಾರಣಕ್ಕೆ ಹೆಸರು ದೊರೆಯಲಿಲ್ಲ. ಎಲ್ಲರೂ ಒಂದೇ ಪದವನ್ನು ಹಾಡಿದರೂ ಎಲ್ಲರಿಗೂ ಅದು ‘ನನ್ನ ಹಣೆಬರಹ’ವಾಗಿಯೇ ಉಳಿಯಿತು. ಮುಂದೆ ಹಿಟ್ಟಿನ ಗಿರಣಿ ಬಂದು ರಟ್ಟೆಯ ದುಡಿಮೆಯನ್ನು ಕಡಿಮೆ ಮಾಡಿದಾಗ ಈ ಮಾತಿನ ನೆಲೆಯೂ ಅದರೊಡನೆ ಸರಿದುಹೋಯಿತು.

3

ಎರಡನೆಯ ನೆಲೆ ಗುಡಿಯ ಅಂಗಳ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿರುವ ಚೌಡಾಪುರವನ್ನು ಹೊರಗಿನವರು ಹೆಚ್ಚಾಗಿ ಅರಿತಿರುವುದು ದೇವಲ ಗಾಣಗಾಪುರಕ್ಕೆ ದಾರಿ ತಿರುಗುವ ಊರೆಂದು. ಭೀಮಾ ಮತ್ತು ಅಮರಜಾ ನದಿಗಳ ಸಂಗಮದ ಗಾಣಗಾಪುರ ನರಸಿಂಹ ಸರಸ್ವತಿಯವರ ಪಾದುಕೆಗಳ ಕ್ಷೇತ್ರ. ಮಹಾರಾಷ್ಟ್ರದಿಂದಲೂ ದೊಡ್ಡ ಸಂಖ್ಯೆಯಲ್ಲಿ ಭಕ್ತರು ಬರುವ ಈ ದತ್ತಕ್ಷೇತ್ರಕ್ಕೆ ಇನ್ನೊಂದು ಪ್ರಸಿದ್ಧಿಯಿದೆ. ಗಾಳಿ ಸೋಕಿದವರು, ದೆವ್ವ ಮೆಟ್ಟಿದವರು ಎಂದು ಮನೆಯವರು ನಂಬಿದವರನ್ನು ಇಲ್ಲಿಗೆ ಕರೆತರುತ್ತಾರೆ. ಮಂಗಳಾರತಿಯ ಹೊತ್ತಿಗೆ ಅವರು ಕೂಗುವುದು, ಹೊರಳಾಡುವುದು, ಕಂಬ ಸರಳುಗಳನ್ನು ಏರುವುದು ಇಲ್ಲಿನ ಪರಿಚಿತ ನೋಟ. ಹೀಗೆ ಬರುವವರಲ್ಲಿ ಗಂಡಸರೂ ಇದ್ದಾರೆ. ಆದರೆ ಹೆಣ್ಣುಮಕ್ಕಳು ಕಣ್ಣಿಗೆ ಬೀಳುವಷ್ಟು ಮಂದಿ ಇರುತ್ತಾರೆ.

ಶ್ರದ್ಧೆಯ ಪ್ರಶ್ನೆಯನ್ನು ಬದಿಗಿಟ್ಟು ಇದನ್ನು ಅಭಿವ್ಯಕ್ತಿಯ ಒಂದು ವಿನ್ಯಾಸವಾಗಿ ನೋಡಬೇಕಾಗಿದೆ. ಮನೆಯಲ್ಲಿ ದನಿ ಎತ್ತಲಾರದ ಹೆಣ್ಣು ಇಲ್ಲಿ ಕೂಗುತ್ತಾಳೆ, ಬೈಯುತ್ತಾಳೆ, ಗಂಡನ ಹೆಸರನ್ನು ಏಕವಚನದಲ್ಲಿ ಹೇಳುತ್ತಾಳೆ. ಸುತ್ತಲಿನವರು ಕೇಳುತ್ತಾರೆ ಕೂಡ. ಆದರೆ ಆ ಮಾತು ಅವಳದೆಂದು ಯಾರೂ ಒಪ್ಪುವುದಿಲ್ಲ. ಅದು ದೆವ್ವದ ಮಾತು. ಬೀಸುಕಲ್ಲಿನ ಎದುರು ಅವಳು ಹೆಸರಿಲ್ಲದೆ ಹಾಡಿದಳು. ಗುಡಿಯ ಅಂಗಳದಲ್ಲಿ ಬೇರೊಬ್ಬರ ಹೆಸರಿನಲ್ಲಿ ಕೂಗುತ್ತಾಳೆ. ಕೂಗು ನಿಂತಾಗ ‘ಗಾಳಿ ಬಿಟ್ಟಿತು’ ಎಂದು ತೀರ್ಮಾನವಾಗುತ್ತದೆ. ಅವಳು ಮರಳುವುದು ಮಾತ್ರ ಬಿಟ್ಟು ಬಂದ ಮನೆಗೇ. ಮನೆಯ ಹಿಂಸೆ, ಮನೋರೋಗ, ಬಾಲ್ಯವಿವಾಹದ ಆಘಾತ, ಹೆರಿಗೆಯ ನಂತರದ ನಿಶ್ಶಕ್ತಿ ಇವುಗಳಲ್ಲಿ ಯಾವುದು ಕಾರಣವೆಂದು ಕೇಳುವ ಅವಕಾಶವನ್ನು ‘ದೆವ್ವ’ ಎಂಬ ಒಂದೇ ಉತ್ತರ ಮುಚ್ಚಿಬಿಡುತ್ತದೆ. ಅಕ್ಕಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳು ಕೂಗುತ್ತಿದ್ದರೂ ಒಬ್ಬಳ ಕೂಗು ಇನ್ನೊಬ್ಬಳಿಗೆ ಉತ್ತರವಾಗುವುದಿಲ್ಲ. ನೋವು ಬಹಿರಂಗವಾದ ಮಾತ್ರಕ್ಕೆ ಐಕ್ಯ ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಭೂತ ಬಿಡಿಸುವ ಹೆಸರಿನ ಹಿಂಸೆಯನ್ನು ತಡೆಯಲು ಕರ್ನಾಟಕ 2017ರಲ್ಲಿ ಕಾಯಿದೆಯನ್ನು ರೂಪಿಸಿತು. ಕಾಯಿದೆ ಹೊಡೆತವನ್ನು ತಡೆಯಬಲ್ಲದು. ಆ ಹೆಣ್ಣಿನ ಮಾತನ್ನು ಅವಳ ಮಾತೆಂದು ಕೇಳುವ ಕಿವಿಯನ್ನು ಅದು ಒದಗಿಸಲಾರದು.

4

ಈ ಎರಡು ನೆಲೆಗಳಿಗೆ ಪ್ರತಿಯಾಗಿ ನಿಲ್ಲುವ ಇನ್ನೊಂದು ಪರಂಪರೆ ಇದೇ ಪ್ರದೇಶದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಕಾಣಿಸಿಕೊಂಡಿತ್ತು. ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ ಸೇರಿದ ಶರಣರ ನಡುವೆ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರು ಇದ್ದರು. ಅವರ ಹೆಸರುಗಳನ್ನು ಗಮನಿಸಿದರೆ ಸಾಕು: ಕೊಟ್ಟಣದ ಸೋಮಮ್ಮ ಧಾನ್ಯ ಕುಟ್ಟುವವಳು, ಕದಿರ ರೆಮ್ಮವ್ವೆ ನೂಲುವವಳು, ಆಯ್ದಕ್ಕಿ ಲಕ್ಕಮ್ಮ ಚೆಲ್ಲಿದ ಅಕ್ಕಿಯನ್ನು ಆಯುವ ಮನೆಯವಳು, ಸೂಳೆ ಸಂಕವ್ವೆ ವೇಶ್ಯಾವೃತ್ತಿಯಿಂದ ಬಂದವಳು. ‘ಗರತಿ’ ಎಂಬ ಪ್ರಮಾಣಪತ್ರ ಇಲ್ಲಿ ಬೇಕಾಗಲಿಲ್ಲ. ಸಂಕವ್ವೆಯದು ಉಳಿದಿರುವುದು ಒಂದೇ ವಚನ. ಅದರಲ್ಲಿ ಅವಳು ತನ್ನ ವೃತ್ತಿಯ ನೀತಿಯನ್ನೇ ಭಕ್ತಿಯ ನಿಷ್ಠೆಗೆ ರೂಪಕವಾಗಿ ಬಳಸಿಕೊಳ್ಳುತ್ತಾಳೆ. ನಾಚಿಕೆಪಡಬೇಕೆಂದು ಸಮಾಜ ಹೇಳಿದ ಬದುಕು ಇಲ್ಲಿ ಮಾತಿನ ಬಂಡವಾಳವಾಗಿದೆ. ‘ನಿರ್ಲಜ್ಜೇಶ್ವರ’ ಎಂಬ ಅಂಕಿತವನ್ನು ಅವಳು ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು.

ಅಂಕಿತ ವಚನಕಾರ್ತಿಯ ಸ್ವಂತ ಹೆಸರಲ್ಲ ನಿಜ. ಆದರೆ ಅದು ಅವಳು ಆಯ್ದ ಮುದ್ರೆ. ಈ ಮಾತಿನ ಹೊಣೆ ನನ್ನದು ಎಂಬ ರುಜು. ಕುಟ್ಟುವ ಪದ ಹೆಸರಿಲ್ಲದೆ ಉಳಿಯಿತು, ಕುಟ್ಟುವ ಸೋಮಮ್ಮನ ವಚನ ಹೆಸರಿನೊಡನೆ ಉಳಿಯಿತು. ಈ ವ್ಯತ್ಯಾಸಕ್ಕೆ ಕಾರಣ ಪ್ರತಿಭೆಯ ಹೆಚ್ಚುಕಡಿಮೆಯಲ್ಲ, ಕೇಳುವ ಸಭೆಯೊಂದು ಇದ್ದದ್ದು. ಅನುಭವ ಮಂಟಪದ ಚಾರಿತ್ರಿಕ ಸ್ವರೂಪದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಹಾಗಿದ್ದರೂ ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯ ಕಲ್ಪನೆಯಲ್ಲಿ ಅಕ್ಕಮಹಾದೇವಿ ಅಲ್ಲಮನ ಕಟುಪ್ರಶ್ನೆಗಳಿಗೆ ಎದುರಾಗಿ ನಿಂತು ತನ್ನ ಬದುಕಿಗೆ ತಾನೇ ಅರ್ಥ ಹೇಳುತ್ತಾಳೆ ಎಂಬುದು ಮುಖ್ಯ. ಇಲ್ಲಿ ಕೇಳುವವರು ಮರುಗಿ ಸುಮ್ಮನಾಗುವುದಿಲ್ಲ. ಪ್ರಶ್ನಿಸುತ್ತಾರೆ, ಒಪ್ಪುತ್ತಾರೆ, ತಮ್ಮವಳೆಂದು ಸ್ವೀಕರಿಸುತ್ತಾರೆ. ಆಯ್ದಕ್ಕಿ ಲಕ್ಕಮ್ಮ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿದಾಗ ಅದು ಮನೆಯೊಳಗಿನ ಜಗಳವಾಗಿ ಉಳಿಯದೆ ಕಾಯಕ ತತ್ತ್ವದ ನಿರ್ವಚನವಾಯಿತು. ಅನುಭವ ಎನ್ನುವ ಪದಕ್ಕೆ ಕಲ್ಯಾಣ ಕೊಟ್ಟ ಅರ್ಥ ಇದು: ಒಬ್ಬರ ಬಾಳು ಇನ್ನೊಬ್ಬರ ಎದುರಿನಲ್ಲಿ ಪರೀಕ್ಷೆಗೊಳಗಾಗಿ ಎಲ್ಲರ ತಿಳಿವಾಗುವುದು.

5

ಆಧುನಿಕ ಕಾಲದಲ್ಲಿ ಸಭೆಯ ಸ್ಥಾನವನ್ನು ಬಹುಮಟ್ಟಿಗೆ ಪುಸ್ತಕ ತುಂಬಿತು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇದಕ್ಕೆ ಉತ್ತಮ ಉದಾಹರಣೆ. ಬಾಲವಿಧವೆಯಾದ ಹಿರಿಯ ಬಂಧುವೊಬ್ಬರ ಬದುಕು ಲೇಖಕಿಯ ತಾಯಿಯ ಮೂಲಕ ಲೇಖಕಿಗೆ ತಲುಪಿ ಕಾದಂಬರಿಯಾಯಿತು. ಹೆಣ್ಣಿನಿಂದ ಹೆಣ್ಣಿಗೆ ದಾಟಿದ ಕಥೆ ಎಂಬುದು ಇದರ ರಚನೆಯಲ್ಲೇ ಇದೆ. ಆದರೆ ಕೃತಿಯ ಶಕ್ತಿ ಇರುವುದು ಫಣಿಯಮ್ಮ ಪಟ್ಟ ಪಾಡಿನ ವರ್ಣನೆಯಲ್ಲಿ ಮಾತ್ರವಲ್ಲ. ತಲೆ ಬೋಳಿಸಿಕೊಂಡು ಬಾಳು ಸವೆಸಿದ ಆಕೆ, ಮುಂದಿನ ತಲೆಮಾರಿನ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಪ್ಪದಿದ್ದಾಗ ಅವಳ ಪರವಾಗಿ ನಿಲ್ಲುತ್ತಾಳೆ. ಮಡಿಯನ್ನು ಮೀರಿ ಕೆಳಜಾತಿಯ ಹೆಣ್ಣಿನ ಹೆರಿಗೆಗೆ ಕೈ ನೀಡುತ್ತಾಳೆ. ‘ನಾನು ಅನುಭವಿಸಿದೆ, ನೀನೂ ಅನುಭವಿಸು’ ಎಂಬುದು ಅತ್ತೆ ಸೊಸೆಯರ ನಡುವೆ ನಡೆದುಬಂದ ಕ್ರೂರ ತರ್ಕ. ‘ನಾನು ಅನುಭವಿಸಿದೆ, ನಿನಗೆ ಅದು ಬೇಡ’ ಎನ್ನುವುದು ಐಕ್ಯದ ತರ್ಕ. ಮೊದಲನೆಯದರಿಂದ ಎರಡನೆಯದಕ್ಕೆ ಬರುವ ಹಾದಿಯನ್ನು ಈ ಕಾದಂಬರಿ ಯಾವ ಘೋಷಣೆಯೂ ಇಲ್ಲದೆ ತೋರಿಸಿತು. ಪ್ರೇಮಾ ಕಾರಂತರು 1983ರಲ್ಲಿ ಇದನ್ನು ಚಲನಚಿತ್ರವಾಗಿಸಿದರು.

ಕಲಬುರಗಿ ಸೀಮೆಗೆ ಸಂಬಂಧಿಸಿದಂತೆ ಗೀತಾ ನಾಗಭೂಷಣ (1942–2020) ಅವರ ಕಾದಂಬರಿಗಳು ಇನ್ನೂ ಮಹತ್ವದವು. ಕಲಬುರಗಿ ತಾಲ್ಲೂಕಿನ ಸಾವಳಗಿಯ ತಳಸಮುದಾಯದ ಕುಟುಂಬದಲ್ಲಿ ಹುಟ್ಟಿದ ಅವರು ತಮ್ಮ ನೆಲದ ಆಡುಮಾತಿನಲ್ಲಿಯೇ ಕೇರಿಯ ಹೆಣ್ಣುಮಕ್ಕಳ ಹಸಿವು, ದುಡಿಮೆ, ಕಾಮ, ಸಿಟ್ಟುಗಳನ್ನು ಬರೆದರು. ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಾಗ ಅವರು ಆ ಗೌರವ ಪಡೆದ ಮೊದಲ ಕನ್ನಡ ಲೇಖಕಿಯಾದರು. 2010ರಲ್ಲಿ ಗದಗಿನ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ‘ಗರತಿಯ ಹಾಡು’ ಹೊರಗಿಟ್ಟ ಹೆಣ್ಣುಗಳು ಅವರ ಬರಹದಲ್ಲಿ ಕೇಂದ್ರಕ್ಕೆ ಬಂದರು. ಬೈಗುಳ, ಶಾಪ, ನಗೆಚಾಟಿಕೆಗಳೊಡನೆ ಮಾತನಾಡುವ ಈ ಹೆಣ್ಣುಗಳಲ್ಲಿ ಸಹನೆಯ ಸೊಬಗನ್ನು ಹುಡುಕಿದರೆ ನಿರಾಸೆಯಾದೀತು. ಇದೇ ಹಾದಿಯ ಇತ್ತೀಚಿನ ಮೈಲಿಗಲ್ಲು ವಿಜಯಾ ಅವರ ಆತ್ಮಕಥನ ‘ಕುದಿ ಎಸರು’. 2019ರ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಈ ಕೃತಿ ಸಂಸಾರದೊಳಗಿನ ಹಿಂಸೆಯನ್ನು ಬರೆದವಳದೇ ಹೆಸರಿನಲ್ಲಿ, ಮುಚ್ಚುಮರೆಯಿಲ್ಲದೆ ಹೇಳಿತು.

ಇಷ್ಟಾಗಿಯೂ ಪುಸ್ತಕಕ್ಕೆ ಅದರದೇ ಮಿತಿಯಿದೆ. ಓದುಗಳು ಒಂಟಿಯಾಗಿ ಓದುತ್ತಾಳೆ, ಒಂಟಿಯಾಗಿಯೇ ಮರುಗುತ್ತಾಳೆ. ಅದಕ್ಕಿಂತ ಮುಖ್ಯವಾಗಿ, ಗೀತಾ ನಾಗಭೂಷಣ ಯಾರ ಬದುಕನ್ನು ಬರೆದರೋ ಆ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನರಿಗೆ ಅಕ್ಷರದ ಹಾದಿ ತೆರೆದಿರಲಿಲ್ಲ. ಕಥೆ ಕೇರಿಯಿಂದ ಹೊರಟು ಗ್ರಂಥಾಲಯವನ್ನು ತಲುಪಿತು. ಕೇರಿಗೆ ಮರಳಲು ಅದಕ್ಕೆ ಬೇರೊಂದು ವಾಹನ ಬೇಕಾಗಿತ್ತು. ಇದೇ ನಗರದ ಮೀನಾಕ್ಷಿ ಬಾಳಿ, ಕೆ. ನೀಲಾ ಅವರಂತಹವರು ಬರವಣಿಗೆಯೊಂದಿಗೆ ಜನವಾದಿ ಮಹಿಳಾ ಸಂಘಟನೆಯ ಕೆಲಸವನ್ನೂ ಹೆಗಲಿಗೇರಿಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

6

ಮೂರನೆಯ ನೆಲೆ ಸಂಘದ ಮನೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮ ಬೀದರ, ವಿಜಯಪುರಗಳಿಂದ ಮೊದಲುಗೊಂಡು ಮುಂದೆ ಕಲಬುರಗಿ, ರಾಯಚೂರುಗಳಿಗೂ ಹರಡಿತು. ಹಳ್ಳಿಯ ದಲಿತ ಮತ್ತು ಕೂಲಿಕಾರ ಹೆಣ್ಣುಮಕ್ಕಳೇ ಇದರ ಸಂಘಗಳ ಜೀವಾಳ. ಈ ಕಾರ್ಯಕ್ರಮದ ವೈಶಿಷ್ಟ್ಯವೆಂದರೆ ಅದು ಸಾಲ ಕೊಡುತ್ತಿರಲಿಲ್ಲ, ಸಬ್ಸಿಡಿ ಹಂಚುತ್ತಿರಲಿಲ್ಲ. ಕೆಲವು ಹಳ್ಳಿಗಳನ್ನು ನೋಡಿಕೊಳ್ಳುವ ಸಹಯೋಗಿನಿ ಬಂದು ಹೆಣ್ಣುಮಕ್ಕಳನ್ನು ಒಟ್ಟಿಗೆ ಕೂರಿಸಿ ಮಾತಿಗೆ ಎಳೆಯುತ್ತಿದ್ದಳು. ‘ಏನು ಕೊಡ್ತೀರಿ’ ಎಂದು ಕೇಳಿದವರಿಗೆ ಕೊಡಲು ಅವಳಲ್ಲಿ ಇದ್ದದ್ದು ಸಮಯ ಮತ್ತು ಕಿವಿ ಮಾತ್ರ. ಗಂಡಸರ ಅಪ್ಪಣೆಯಿಲ್ಲದೆ ಸೇರಬಹುದಾದ ಒಂದು ಜಾಗ ಬೇಕೆಂಬ ಅಗತ್ಯದಿಂದ ಹಲವು ಹಳ್ಳಿಗಳಲ್ಲಿ ‘ಸಂಘದ ಮನೆ’ಗಳು ಎದ್ದವು.

ಬೀಸುಕಲ್ಲಿನ ಬಳಿ ಆಡಿದ ಮಾತೇ ಇಲ್ಲಿಯೂ ಆಡಲ್ಪಟ್ಟಿತು: ಕುಡುಕ ಗಂಡ, ಕಡಿಮೆ ಕೂಲಿ, ಮುಟ್ಟಿನ ಸಂಕಟ, ಮಗಳ ಎಳೆಯ ಮದುವೆ. ವ್ಯತ್ಯಾಸ ಮೂರು ಅಂಶಗಳಲ್ಲಿದೆ. ಇಲ್ಲಿ ಆಡಿದವಳು ತನ್ನ ಹೆಸರಿನಲ್ಲಿ ಆಡಿದಳು. ಕೇಳಿದವಳು ‘ನನಗೂ ಹೀಗೇ ಆಗಿದೆ’ ಎಂದು ಇನ್ನೊಂದು ಕಥೆಯಿಂದ ಉತ್ತರಿಸಿದಳು. ಹತ್ತು ಕಥೆಗಳು ಸೇರಿದಾಗ ಹಣೆಬರಹವೆಂಬ ಕಾರಣ ಬಿದ್ದುಹೋಗಿ ಕೂಲಿಯ ದರ, ಸಾರಾಯಿ ಅಂಗಡಿ, ಜಾತಿ, ಆಸ್ತಿಹಕ್ಕು ಎಂಬ ಕಾರಣಗಳು ಕಾಣತೊಡಗಿದವು. ಕೊನೆಯದಾಗಿ, ಮಾತಿನ ನಂತರ ಒಂದು ಕೆಲಸ ನಿಶ್ಚಯವಾಯಿತು: ನಾಳೆ ಪಂಚಾಯಿತಿಗೆ ಹೋಗುವುದು, ಮದುವೆ ನಿಲ್ಲಿಸುವುದು, ಠಾಣೆಗೆ ಅವಳ ಜೊತೆ ಹತ್ತು ಮಂದಿ ನಡೆಯುವುದು. ಒಬ್ಬಳೇ ಹೋದರೆ ದೂರು, ಹತ್ತು ಮಂದಿ ಹೋದರೆ ಅದು ಊರಿನ ಸಂಗತಿ.

ಇದೇ ವಿನ್ಯಾಸ ದೇವದಾಸಿ ಪದ್ಧತಿಯ ವಿರುದ್ಧದ ಹೋರಾಟದಲ್ಲೂ ಕಾಣುತ್ತದೆ. ಕರ್ನಾಟಕ 1982ರಲ್ಲಿಯೇ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯಿದೆ ಮಾಡಿತು. ಆದರೆ ಪೊಲೀಸರಿಗೆ ಕಾಣದ ಮುತ್ತು ಒಮ್ಮೆ ಕಟ್ಟಿಸಿಕೊಂಡವಳ ಕಣ್ಣಿಗೆ ಕಾಣುತ್ತದೆ. ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯ ಬಲ ಇರುವುದು ಇಲ್ಲಿಯೇ. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಅದನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ಮುತ್ತು ಕಟ್ಟಲು ಹೊರಟ ತಾಯಿಯ ಎದುರು ಕುಳಿತು ‘ನನ್ನ ಬದುಕು ಹೀಗಾಯಿತು’ ಎನ್ನುವ ಹೆಣ್ಣಿನ ಮಾತಿಗೆ ಸರ್ಕಾರಿ ಸುತ್ತೋಲೆಗೆ ಇಲ್ಲದ ಅಧಿಕಾರವಿದೆ. ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಸಾಲನ್ನು ಏನೆಂದು ತುಂಬಬೇಕು ಎಂಬ ತಾಯಂದಿರ ಸಂಕಟವೂ ಮೊದಲು ಇಂತಹ ಕೂಟಗಳಲ್ಲಿ ಕಥೆಯಾಗಿಯೇ ಕೇಳಿಬಂದದ್ದು. ದೇವದಾಸಿಯರ ಮಕ್ಕಳ ಹಕ್ಕು ಮತ್ತು ಪುನರ್ವಸತಿಯನ್ನೂ ಒಳಗೊಳ್ಳುವ ಹೊಸ ಮಸೂದೆಯನ್ನು ರಾಜ್ಯದ ವಿಧಾನಮಂಡಲ 2025ರಲ್ಲಿ ಅಂಗೀಕರಿಸಿತು. ಅಡುಗೆಮನೆಯ ಪಿಸುಮಾತು ಶಾಸನದ ಭಾಷೆಯನ್ನು ಮುಟ್ಟಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಕಥೆಯೊಂದು ಊರಿಂದೂರಿಗೆ ದಾಟಿ ಚಳವಳಿಯಾದ ಪ್ರಸಂಗಕ್ಕೆ ನೆರೆಯ ಆಂಧ್ರದ ಉದಾಹರಣೆ ಪ್ರಸಿದ್ಧವಾಗಿದೆ. 1990ರ ದಶಕದ ಆರಂಭದಲ್ಲಿ ನೆಲ್ಲೂರು ಜಿಲ್ಲೆಯ ಸಾಕ್ಷರತಾ ಆಂದೋಲನದ ಪಾಠವೊಂದರಲ್ಲಿ ಹೆಣ್ಣುಮಕ್ಕಳು ಒಂದಾಗಿ ಸಾರಾಯಿ ಅಂಗಡಿ ಮುಚ್ಚಿಸಿದ ಕಥೆಯಿತ್ತು. ದೂಬಗುಂಟದ ಹೆಂಗಸರು ಅಂಗಡಿ ಮುಚ್ಚಿಸಿದ ಸುದ್ದಿ ಪಾಠಗಳ ಮೂಲಕ ಬೇರೆ ಊರುಗಳಿಗೆ ಹರಡಿ, 1993ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಗುವವರೆಗೆ ಹೋರಾಟ ಬೆಳೆಯಿತು. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಬಂದದ್ದು 2007ರ ಜುಲೈಯಲ್ಲಿ. ಆದರೆ ಸಾರಾಯಿಯ ಜಾಗಕ್ಕೆ ಬೇರೆ ಮದ್ಯ ಬಂದಿತು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ನಡೆದರು. ದಾರಿಯುದ್ದಕ್ಕೂ ಅವರು ಹೇಳಿದ್ದು ತಂತಮ್ಮ ಮನೆಯ ಕಥೆಯನ್ನೇ. ಅಬಕಾರಿ ಆದಾಯವನ್ನು ನೆಚ್ಚಿದ ಸರ್ಕಾರ ಮದ್ಯನಿಷೇಧದ ಬೇಡಿಕೆಯನ್ನು ಒಪ್ಪಲಿಲ್ಲ. ಕಥೆಗಳು ಹೆಣ್ಣುಮಕ್ಕಳನ್ನು ರಾಜಧಾನಿಯವರೆಗೆ ನಡೆಸಬಲ್ಲವು. ಬೊಕ್ಕಸದ ಲೆಕ್ಕವನ್ನು ಬದಲಿಸಲು ಅಷ್ಟೇ ಸಾಲದು ಎಂಬ ಕಹಿಯನ್ನೂ ಇಲ್ಲಿ ಗಮನಿಸಬೇಕು.

7

ಬಾಳಕಥನದ ಹಂಚಿಕೆಯನ್ನು ಮೆಚ್ಚುವಾಗ ಅದರೊಳಗಿನ ಅಪಾಯಗಳನ್ನು ಮರೆಯಬಾರದು. ಮೊದಲನೆಯದು, ‘ಎಲ್ಲ ಹೆಣ್ಣಿನ ನೋವೂ ಒಂದೇ’ ಎಂಬ ಸರಳೀಕರಣ. ಮೇಲ್ಜಾತಿಯ ವಿಧವೆಯ ಮಡಿ ಮತ್ತು ದಲಿತ ಕೂಲಿಗಾರ್ತಿಯ ಬಿಸಿಲು ಒಂದೇ ಅಲ್ಲ. ಮೊದಲನೆಯವಳ ಮನೆಯ ಅಂಗಳವನ್ನು ಎರಡನೆಯವಳು ಗುಡಿಸುತ್ತಾಳೆ. ಅಮೆರಿಕದ ಕಪ್ಪು ಹೆಣ್ಣುಮಕ್ಕಳ ಕೊಂಬಾಹೀ ಬಳಗ 1977ರ ತನ್ನ ಹೇಳಿಕೆಯಲ್ಲಿ ಬಿಳಿಯರ ಸ್ತ್ರೀವಾದಕ್ಕೆ ಇಟ್ಟ ಆಕ್ಷೇಪಣೆ ಇಲ್ಲಿಯೂ ಸಲ್ಲುತ್ತದೆ. ಐಕ್ಯ ಸಾಮ್ಯದಿಂದ ಮಾತ್ರ ಹುಟ್ಟುವುದಲ್ಲ. ನಿನ್ನ ಕಥೆಯಲ್ಲಿ ನನ್ನ ಮನೆತನವೇ ಪೀಡಕನಾಗಿದ್ದರೂ ಅದನ್ನು ಕೇಳುತ್ತೇನೆ ಎನ್ನುವ ಸಿದ್ಧತೆಯಿಂದಲೂ ಹುಟ್ಟಬೇಕು. ಕನ್ನಡದ ದಲಿತ ಲೇಖಕಿಯರು ಸ್ತ್ರೀವಾದದಿಂದ ಎದುರುನೋಡಿದ್ದು ಇದನ್ನೇ.

ಎರಡನೆಯದು, ಹೇಳಿದ ಮೇಲೆ ಮರೆಯುವುದು. ಕಲಬುರಗಿ 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅದೇ ಸಂಸ್ಥಾನದ ತೆಲಂಗಾಣ ಸಶಸ್ತ್ರ ಹೋರಾಟದಲ್ಲಿ ಭಾಗವಹಿಸಿದ ಹೆಣ್ಣುಮಕ್ಕಳ ಬಾಳಕಥನಗಳನ್ನು ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆ 1986ರಲ್ಲಿ ತೆಲುಗಿನಲ್ಲಿ ಪ್ರಕಟಿಸಿತು. ಬಂದೂಕು ಹಿಡಿದ, ಅಡಗುತಾಣಗಳಲ್ಲಿ ಬಾಳಿದ ಹೆಣ್ಣುಮಕ್ಕಳನ್ನು ಹೋರಾಟ ಮುಗಿದ ಮೇಲೆ ಮತ್ತೆ ಅಡುಗೆಮನೆಗೆ ಕಳುಹಿಸಲಾಯಿತೆಂಬ ಕಹಿ ಆ ಕಥನಗಳ ಮೂಲಕವೇ ಹೊರಗೆ ಬಂದಿತು. ಕಥೆಯನ್ನು ಹೋರಾಟಕ್ಕೆ ಇಂಧನವಾಗಿ ಬಳಸಿಕೊಂಡು ಹೇಳಿದವಳನ್ನು ಬಿಟ್ಟುಬಿಡುವುದು ಚಳವಳಿಗಳಿಗೂ ಅಂಟಿದ ರೋಗ. ಇಂದು ಬಡ ಹೆಣ್ಣುಮಕ್ಕಳ ಬಳಿಗೆ ಸಮೀಕ್ಷಕರು, ಪತ್ರಕರ್ತರು, ಸಂಶೋಧಕರು ಮತ್ತೆ ಮತ್ತೆ ಬಂದು ಅದೇ ಗಾಯವನ್ನು ಕೆದಕಿ ಬರೆದುಕೊಂಡು ಹೋಗುತ್ತಾರೆ. ಹೇಳುವ ಹಕ್ಕಿನೊಡನೆ ಹೇಳದಿರುವ ಹಕ್ಕೂ ಹೆಣ್ಣಿಗಿದೆ. ಹಳ್ಳಿಯಲ್ಲಿ ಗಂಡನ ಹೊಡೆತವನ್ನು ಬಹಿರಂಗವಾಗಿ ಹೇಳಿದವಳು ಅಂದಿನ ರಾತ್ರಿಯನ್ನು ಅದೇ ಮನೆಯಲ್ಲಿ ಕಳೆಯಬೇಕು. ಆ ರಾತ್ರಿಗೆ ಹೊಣೆಯಾಗಲಾರದವರು ಅವಳ ಮಾತನ್ನು ಕೇಳುವ ಅಧಿಕಾರವನ್ನು ಅಷ್ಟರ ಮಟ್ಟಿಗೆ ಕಳೆದುಕೊಳ್ಳುತ್ತಾರೆ.

ಮೂರನೆಯದು, ಕೂಡುವ ಜಾಗವೇ ಬದಲಾಗುತ್ತಿರುವುದು. ಮಹಿಳಾ ಸಮಖ್ಯಾ ಕಾರ್ಯಕ್ರಮಕ್ಕೆ ಕೇಂದ್ರದ ನೆರವು 2010ರ ದಶಕದ ಮಧ್ಯದಲ್ಲಿ ನಿಂತಿತು. ಅದಕ್ಕೂ ಮೊದಲೇ ಹಳ್ಳಿಗಳಲ್ಲಿ ಉಳಿತಾಯ ಮತ್ತು ಸಾಲದ ಗುಂಪುಗಳು ಹರಡಿದ್ದವು. ಸ್ವಸಹಾಯ ಸಂಘಗಳು ಹೆಣ್ಣಿನ ಕೈಗೆ ಒಂದಿಷ್ಟು ಹಣವನ್ನೂ ಬ್ಯಾಂಕಿನ ಪರಿಚಯವನ್ನೂ ತಂದುಕೊಟ್ಟದ್ದು ನಿಜ. ಆದರೆ ಖಾಸಗಿ ಕಿರುಸಾಲದ ಗುಂಪುಗಳಲ್ಲಿ ಒಬ್ಬಳ ಸಾಲಕ್ಕೆ ಉಳಿದವರು ಜಾಮೀನು. ಕಂತು ತಪ್ಪಿದ ನೆರೆಯವಳ ಬಾಗಿಲಿನಲ್ಲಿ ನಿಲ್ಲಬೇಕಾದವರು ಅವಳ ಗೆಳತಿಯರೇ. ಸಂಘದ ಮನೆಯಲ್ಲಿ ‘ನಿನಗೇನಾಯಿತು’ ಎಂದು ಕೇಳುತ್ತಿದ್ದ ವೃತ್ತ ಇಲ್ಲಿ ‘ನಿನ್ನ ಕಂತು ಎಲ್ಲಿ’ ಎಂದು ಕೇಳುತ್ತದೆ. ಕಿರುಸಾಲ ಸಂಸ್ಥೆಗಳ ವಸೂಲಿಯ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತೆಂಬುದು ಈ ಪಲ್ಲಟದ ಆಳವನ್ನು ಸೂಚಿಸುತ್ತದೆ. ಕಷ್ಟವನ್ನು ಹಂಚಿಕೊಳ್ಳಲು ಇದ್ದ ಕೂಟ ಸಾಲವನ್ನು ಹಂಚಿಕೊಳ್ಳುವ ಕೂಟವಾದಾಗ ಹೆಣ್ಣುಮಕ್ಕಳು ಒಟ್ಟಿಗೆ ಕುಳಿತಿದ್ದರೂ ಒಂಟಿಯಾಗುತ್ತಾರೆ.

ಒಟ್ಟಿನಲ್ಲಿ, ಹೆಣ್ಣಿನ ಬಾಳಕಥನ ತನ್ನಷ್ಟಕ್ಕೆ ತಾನೇ ಸಂಘಟನೆಯಾಗುವುದಿಲ್ಲ. ಆಡಿದವಳ ಹೆಸರು ಉಳಿಯಬೇಕು. ಕೇಳಿದವಳು ತನ್ನ ಕಥೆಯಿಂದ ಉತ್ತರಿಸಬೇಕು. ಆಡಿ ಕೇಳಿದ ಮೇಲೆ ಇಬ್ಬರೂ ಸೇರಿ ಮಾಡುವ ಕೆಲಸವೊಂದು ಇರಬೇಕು. ಬೀಸುಕಲ್ಲಿನಲ್ಲಿ ಉತ್ತರವಿತ್ತು, ಹೆಸರಿರಲಿಲ್ಲ. ಗುಡಿಯ ಅಂಗಳದಲ್ಲಿ ಕೂಗು ಇದೆ, ಹೆಸರೂ ಇಲ್ಲ ಉತ್ತರವೂ ಇಲ್ಲ. ಪುಸ್ತಕದಲ್ಲಿ ಹೆಸರಿದೆ, ಕೂಡಿ ಮಾಡುವ ಕೆಲಸಕ್ಕೆ ದಾರಿ ಸುಲಭವಿಲ್ಲ. ಕಲ್ಯಾಣದ ವಚನಕಾರ್ತಿಯರೂ ಸಂಘದ ಮನೆಯ ಹೆಣ್ಣುಮಕ್ಕಳೂ ಒಂದೊಂದು ಕಾಲಕ್ಕೆ ಈ ಮೂರನ್ನೂ ಕೂಡಿಸಿದರು. ಸ್ತ್ರೀವಾದಿ ವಿಮರ್ಶೆ ಕೃತಿಯೊಳಗಿನ ಹೆಣ್ಣಿನ ದನಿಯನ್ನು ಗುರುತಿಸುವುದಕ್ಕೆ ನಿಲ್ಲದೆ ಆ ದನಿಗೆ ದೊರೆತ ಕಿವಿಯ ಚರಿತ್ರೆಯನ್ನೂ ಬರೆಯಬೇಕಾಗಿದೆ. ಚೌಡಾಪುರದ ಸುತ್ತಿನ ಹಳ್ಳಿಗಳಲ್ಲಿ ತೊಗರಿಯ ಹೊಲದ ಬದುವಿನಲ್ಲಿ, ಗುಳೆ ಹೋದವರ ಮುಂಬೈ, ಪುಣೆಯ ಜೋಪಡಿಗಳಲ್ಲಿ ಹೆಣ್ಣುಮಕ್ಕಳು ಇಂದಿಗೂ ತಮ್ಮ ಬದುಕನ್ನು ಹೇಳಿಕೊಳ್ಳುತ್ತಲೇ ಇದ್ದಾರೆ. ಅವರಿಗೆ ಕೊರತೆಯಾಗಿರುವುದು ಕಥೆಯಲ್ಲ. ಸಾಲದ ಲೆಕ್ಕವಿಲ್ಲದೆ, ದೆವ್ವದ ಹೆಸರಿಲ್ಲದೆ ಕೂಡಿ ಕುಳಿತುಕೊಳ್ಳಬಹುದಾದ ಒಂದು ಮನೆ.